ಬಳಸಿದ ಹೈಪೋವನ್ನು ವಿಲೇವಾರಿ ಮಾಡುವ ಮುನ್ನ: ಮೊದಲು ಕಬ್ಬಿಣ, ಆಮೇಲೆ ಪಿಎಸಿ

ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಡೆ ಇಂದಿಗೂ ಕೈಯಲ್ಲೇ ಫಿಲ್ಮ್ ತೊಳೆಯುವ ಹವ್ಯಾಸಿಗಳಿಗೆ ಮತ್ತು ಡಿಜಿಟಲ್ ಯಂತ್ರಕ್ಕೆ ಬದಲಾಗದ ಸಣ್ಣ ಎಕ್ಸ್‌ರೇ ಕೊಠಡಿಗಳವರಿಗೆ ಈ ಬರಹ. ಡಾರ್ಕ್‌ರೂಮಿನಿಂದ ಹೊರಬೀಳುವ ದ್ರವಗಳನ್ನು ಹೇಗೆ ಬೇರ್ಪಡಿಸಬೇಕು, ಯಾವುದರಿಂದ ಯಾವುದನ್ನು ತೆಗೆಯಬೇಕು, ಮುಖ್ಯವಾಗಿ ಯಾವ ಅನುಕ್ರಮದಲ್ಲಿ ತೆಗೆಯಬೇಕು ಎಂಬುದಷ್ಟೇ ಇದರ ವಿಷಯ. ಅನುಕ್ರಮಕ್ಕೆ ಇಷ್ಟು ಒತ್ತು ಕೊಡಲು ಕಾರಣ ನನ್ನದೇ ತಪ್ಪು. ಮೊದಲ ಸಲ ನಾನು ಬಳಸಿದ ಹೈಪೋಗೆ (ಚಿತ್ರ ಮೂಡಿದ ಮೇಲೆ ಫಿಲ್ಮಿನಲ್ಲಿ ಉಳಿದ ಬೆಳ್ಳಿಯ ಲವಣವನ್ನು ಕರಗಿಸಿ ತೆಗೆಯುವ ಫಿಕ್ಸರ್ ದ್ರಾವಣ) ನೇರವಾಗಿ ಪಿಎಸಿ ಪುಡಿ, ಅಂದರೆ ನೀರನ್ನು ತಿಳಿಯಾಗಿಸುವ ಪಾಲಿ ಅಲ್ಯೂಮಿನಿಯಂ ಕ್ಲೋರೈಡ್ ಸುರಿದೆ. ಬಿಳಿಯ ಗಸಿ ತಳಕ್ಕಿಳಿದು ಮೇಲಿನ ನೀರು ತಿಳಿಯಾದುದನ್ನು ಕಂಡು ಕೆಲಸ ಮುಗಿಯಿತೆಂದುಕೊಂಡೆ. ಆ ತಿಳಿನೀರಿಗೆ ತಾಮ್ರದ ತಂತಿ ಅದ್ದಿದಾಗ ಅದು ನಿಮಿಷಗಳಲ್ಲೇ ಬೆಳ್ಳಗಾಯಿತು. ಬೆಳ್ಳಿ ಇದ್ದಲ್ಲೇ ಇತ್ತು.

ಕಾರಣ ಸರಳವಾದದ್ದು. ಫಿಲ್ಮಿನಲ್ಲಿ ಬೆಳಕು ತಾಗದೆ ಉಳಿದ ಬೆಳ್ಳಿಯ ಲವಣವನ್ನು ಹೈಪೋದ ಥಯೋಸಲ್ಫೇಟ್ ಕರಗಿಸಿ, ತನ್ನೊಂದಿಗೆ ಬಿಗಿಯಾಗಿ ಬಂಧಿಸಿಕೊಳ್ಳುತ್ತದೆ. ಜಾನ್ ಹರ್ಷೆಲ್ 1819ರಲ್ಲಿ ಗುರುತಿಸಿದ ಈ ಗುಣದ ಮೇಲೆಯೇ ಮುಂದಿನ ಛಾಯಾಚಿತ್ರಣವೆಲ್ಲ ನಿಂತಿತು. ಪಿಎಸಿಯಿಂದ ಹುಟ್ಟುವ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ನೀರಿನಲ್ಲಿ ತೇಲುವ ಕಣಗಳನ್ನು ಹಿಡಿಯಬಲ್ಲದೇ ಹೊರತು, ಕರಗಿ ಬಂಧಿತವಾಗಿರುವ ಬೆಳ್ಳಿಯನ್ನು ಆ ಬಂಧದಿಂದ ಬಿಡಿಸಲಾರದು. ಆ ಕೆಲಸಕ್ಕೆ ಕಬ್ಬಿಣವೇ ಬೇಕು.

ಪಿಎಸಿ ಒಂದು ಅಜೈವಿಕ ಪಾಲಿಮರ್. ಪ್ಲಾಸ್ಟಿಕ್ಕಿನಲ್ಲಿ ಇಂಗಾಲದ ಸರಪಳಿ ಇರುವಂತೆ ಅಜೈವಿಕ ಪಾಲಿಮರುಗಳಲ್ಲಿ ಅಲ್ಯೂಮಿನಿಯಂ, ಸಿಲಿಕಾನ್, ರಂಜಕ ಮುಂತಾದವು ಆಮ್ಲಜನಕದ ಮೂಲಕ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಫೋಟೋಗ್ರಫಿಯಲ್ಲಿ ಇಂಥ ವಸ್ತುಗಳು ತ್ಯಾಜ್ಯದ ಹಂತಕ್ಕೆ ಬರುವ ಮೊದಲೇ, ಫಿಲ್ಮಿನ ಒಳಗೇ ಇರುತ್ತವೆ. ಬೇಸಿಗೆಯ ಒಣಹವೆಯಲ್ಲಿ ಫಿಲ್ಮ್ ಸುರುಳಿಯನ್ನು ಬಿಚ್ಚುವಾಗ ಸ್ಥಿರವಿದ್ಯುತ್ತು ಹುಟ್ಟುತ್ತದೆ. ಅದು ಕೆಲವೊಮ್ಮೆ ಮಿಂಚಿನ ಕೊಂಬೆಗಳಂಥ ಗುರುತನ್ನು ಫಿಲ್ಮಿನ ಮೇಲೆ ಮೂಡಿಸುತ್ತದೆ, ಸುತ್ತಲಿನ ಧೂಳನ್ನೂ ಎಳೆದುಕೊಳ್ಳುತ್ತದೆ. ಸಂಡೂರು, ಹೊಸಪೇಟೆಗಳ ಕಡೆಯ ಕೆಂಪು ಗಣಿ ಧೂಳನ್ನು ನೆಗೆಟಿವ್‌ನಿಂದ ಒರೆಸಲು ಹೆಣಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ವಿದ್ಯುತ್ತನ್ನು ಹರಿಯಗೊಡುವ ತೆಳು ಲೇಪಕ್ಕಾಗಿ ಕೊಡಕ್ ಕಂಪನಿಯು ವನೇಡಿಯಂ ಪೆಂಟಾಕ್ಸೈಡ್ ಜೆಲ್ಲಿಗೆ 1980ರಲ್ಲಿ ಅಮೆರಿಕದ ಪೇಟೆಂಟ್ ಪಡೆದಿತ್ತು. 1990ರ ದಶಕದಲ್ಲಿ ಅದೇ ಕಂಪನಿಯ ಫ್ರೆಂಚ್ ಶಾಖೆಯು ಇಮೊಗೊಲೈಟ್ ಎಂಬ ಖನಿಜವನ್ನು ಹೋಲುವ ಅಲ್ಯೂಮಿನೊಸಿಲಿಕೇಟ್ ಪಾಲಿಮರನ್ನು ಪೇಟೆಂಟ್ ಮಾಡಿತು. ಇಮೊಗೊಲೈಟನ್ನು ಮೊದಲು ವಿವರಿಸಿದ್ದು 1962ರಲ್ಲಿ, ಜಪಾನಿನ ಜ್ವಾಲಾಮುಖಿ ಬೂದಿಯ ಮಣ್ಣಿನಲ್ಲಿ. ಸುಮಾರು 2 ನ್ಯಾನೋಮೀಟರ್ ದಪ್ಪದ ಟೊಳ್ಳು ಕೊಳವೆಗಳಾಗಿರುವ ಇದರ ಹೊರಮೈಯಲ್ಲಿ ಅಲ್ಯೂಮಿನಿಯಂ ಹೈಡ್ರಾಕ್ಸಿಲ್ ಗುಂಪುಗಳು ಸಾಲಾಗಿ ಇರುತ್ತವೆ. ಆ ಮೈ ಫಾಸ್ಫೇಟಿನಂಥ ಋಣ ಅಯಾನುಗಳನ್ನು ಹಿಡಿದುಕೊಳ್ಳುತ್ತದೆ. ಫಿಲ್ಮಿಗೆ ಹೊಂದುವ ವಸ್ತು ನೀರಿನ ಶುದ್ಧೀಕರಣಕ್ಕೂ ಹೊಂದುವುದು ಈ ಕಾರಣದಿಂದ. ಇಮೊಗೊಲೈಟ್ ನಮ್ಮ ಪೇಟೆಯಲ್ಲಿ ಸಿಗುವ ಸರಕಲ್ಲ. ಅದರ ದೂರದ ನೆಂಟರಾದ ಪಿಎಸಿ, ಸೋಡಿಯಂ ಸಿಲಿಕೇಟ್ ಮತ್ತು ಹಾರುಬೂದಿ ಮಾತ್ರ ಸುಲಭವಾಗಿ ಸಿಗುತ್ತವೆ.

ಕೆಲಸ ಶುರುವಾಗುವುದು ಮೂರು ಪ್ಲಾಸ್ಟಿಕ್ ಕ್ಯಾನುಗಳಿಂದ. ಒಂದರಲ್ಲಿ ಬಳಸಿದ ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) ಮತ್ತು ಸ್ಟಾಪ್ ಬಾತ್ (ಆ ಕ್ರಿಯೆಯನ್ನು ನಿಲ್ಲಿಸುವ ದ್ರಾವಣ), ಇನ್ನೊಂದರಲ್ಲಿ ಬಳಸಿದ ಹೈಪೋ, ಮೂರನೆಯದರಲ್ಲಿ ಹೈಪೋದಿಂದ ಎತ್ತಿದ ಕೂಡಲೇ ಫಿಲ್ಮನ್ನು ಅದ್ದುವ ಮೊದಲ ತೊಳೆನೀರು. ಹರಿಯುವ ನಲ್ಲಿಗೆ ಹಿಡಿಯುವ ಮೊದಲು ಫಿಲ್ಮನ್ನು ನಿಂತ ನೀರಿನ ಟ್ರೇಯಲ್ಲಿ ಒಂದೆರಡು ನಿಮಿಷ ಆಡಿಸಿದರೆ, ಅದರೊಂದಿಗೆ ಬಂದ ಹೈಪೋದ ಬಹುಪಾಲು ಆ ಸ್ವಲ್ಪ ನೀರಿನಲ್ಲೇ ಉಳಿಯುತ್ತದೆ. ಕ್ಯಾನುಗಳ ಮೇಲೆ ಹೆಸರು, ದಿನಾಂಕ ಬರೆದು, ನೆರಳಿನಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಹೊರಗೆ 40 ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಆಮ್ಲೀಯ ಹೈಪೋ ಬೇಗ ಒಡೆದು ಗಂಧಕವನ್ನು ಬಿಡುತ್ತದೆ. ಹಾಲಿನಂತೆ ಮಸುಕಾಗಿ, ಮೂಗಿಗೆ ಅಡರುವ ವಾಸನೆ ಬಂದರೆ ಅದು ಕೆಟ್ಟಿದೆ ಎಂದೇ ಅರ್ಥ.

ಯಾವುದನ್ನು ಯಾವುದರೊಂದಿಗೆ ಬೆರೆಸಬಾರದು ಎಂಬುದನ್ನು ಗೋಡೆಯ ಮೇಲೆ ಬರೆದಿಡುವುದು ಒಳ್ಳೆಯದು. ಹೈಪೋಗೆ ಬ್ಲೀಚಿಂಗ್ ದ್ರಾವಣ ಬಿದ್ದರೆ ವಿಷಾನಿಲ ಏಳುತ್ತದೆ. ಬಲವಾದ ಆಮ್ಲ ಬಿದ್ದರೆ ಸಲ್ಫರ್ ಡೈಆಕ್ಸೈಡ್ ಹೊರಡುತ್ತದೆ. ಎಕ್ಸ್‌ರೇಯವರು ಬಳಸುವ ತ್ವರಿತ ಫಿಕ್ಸರಿನಲ್ಲಿ ಅಮೋನಿಯಂ ಥಯೋಸಲ್ಫೇಟ್ ಇರುವುದರಿಂದ ಅದಕ್ಕೆ ಕ್ಷಾರೀಯ ಡೆವಲಪರನ್ನು ಸುರಿದರೆ ಅಮೋನಿಯಾ ಬರುತ್ತದೆ. ಬೆಳ್ಳಿ ಮತ್ತು ಅಮೋನಿಯಾ ಕೂಡಿದ ಕ್ಷಾರೀಯ ದ್ರಾವಣವನ್ನು ಇಟ್ಟುಕೊಂಡರೆ ಸಿಡಿಯುವ ಪದಾರ್ಥ ಉಂಟಾಗುವ ಅಪಾಯವೂ ಇದೆ. ಆದ್ದರಿಂದ ಬೆಳ್ಳಿ ತೆಗೆಯುವವರೆಗೆ ಹೈಪೋವನ್ನು ಹೈಪೋದ ಕ್ಯಾನಿನಲ್ಲೇ ಇರಗೊಡಬೇಕು.

ಬೆಳ್ಳಿ ತೆಗೆಯಲು ಬೇಕಾದುದು ನಯವಾದ ಸ್ಟೀಲ್ ವುಲ್, ಅಂದರೆ ಕಬ್ಬಿಣದ ತೆಳು ಎಳೆಗಳ ಉಂಡೆ. ಅಂಗಡಿಯವರು ಕೊಡುವ ಪಾತ್ರೆ ತಿಕ್ಕುವ ಸ್ಕ್ರಬ್ಬರ್ ಬಹುಮಟ್ಟಿಗೆ ಸ್ಟೇನ್‌ಲೆಸ್ ಆಗಿರುತ್ತದೆ, ಅದರಿಂದ ಉಪಯೋಗವಿಲ್ಲ. ಅಯಸ್ಕಾಂತದ ಪರೀಕ್ಷೆಯನ್ನೂ ನಂಬುವಂತಿಲ್ಲ, ಏಕೆಂದರೆ ಕೆಲವು ಸ್ಟೇನ್‌ಲೆಸ್ ಬಗೆಗಳೂ ಅಂಟಿಕೊಳ್ಳುತ್ತವೆ. ರೈತರ ಮನೆಯಲ್ಲಿ ಸಿಗುವ ಮೈಲುತುತ್ತವನ್ನು ನೀರಿನಲ್ಲಿ ಕರಗಿಸಿ ಒಂದು ಎಳೆಯನ್ನು ಅದ್ದಿ ನೋಡಿ: ಸಾದಾ ಕಬ್ಬಿಣವಾದರೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ತುಕ್ಕು ಹಿಡಿಯದಿರಲೆಂದು ವುಲ್‌ಗೆ ಎಣ್ಣೆ ಸವರಿರುತ್ತಾರಾದ್ದರಿಂದ ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೋಪಿನಿಂದ ತೊಳೆದ ಮೇಲೆಯೇ ಬಳಸಬೇಕು.

ಇಲ್ಲಿ ನಡೆಯುವುದು ಅದಲುಬದಲು: ಕಬ್ಬಿಣ ಕರಗಿ ದ್ರಾವಣಕ್ಕೆ ಹೋಗುತ್ತದೆ, ಬೆಳ್ಳಿ ಲೋಹವಾಗಿ ಹೊರಬರುತ್ತದೆ. ಲೆಕ್ಕದ ಪ್ರಕಾರ 1 ಗ್ರಾಂ ಕಬ್ಬಿಣ 3.86 ಗ್ರಾಂ ಬೆಳ್ಳಿಯನ್ನು ಹೊರಹಾಕಬಲ್ಲದು, ಆದರೆ ಆಮ್ಲವೂ ಕಬ್ಬಿಣವನ್ನು ತಿನ್ನುವುದರಿಂದ ಅಷ್ಟು ಕೈಗೆ ಬರುವುದಿಲ್ಲ. ಚೆನ್ನಾಗಿ ಬಳಸಿದ ಹೈಪೋದಲ್ಲಿ ಲೀಟರಿಗೆ 5 ಗ್ರಾಂ ಬೆಳ್ಳಿ ಇದೆಯೆಂದು ಹಿಡಿದರೆ 10 ಲೀಟರಿಗೆ 50 ಗ್ರಾಂ ಆಯಿತು. ಲೆಕ್ಕಕ್ಕೆ 13 ಗ್ರಾಂ ಕಬ್ಬಿಣ ಸಾಕು, ನಾನು 60 ಗ್ರಾಂ ಹಾಕುತ್ತೇನೆ. ದ್ರಾವಣದ ಪಿಎಚ್ 4.5ರಿಂದ 6.5ರ ನಡುವೆ ಇರಬೇಕು. ಅದಕ್ಕಿಂತ ಕೆಳಗೆ ಕಬ್ಬಿಣ ವ್ಯರ್ಥವಾಗಿ ಕರಗುತ್ತದೆ, ಮೇಲೆ ಹೋದರೆ ಕ್ರಿಯೆ ಮಂದವಾಗುತ್ತದೆ. ದೊಡ್ಡ ಲ್ಯಾಬುಗಳಲ್ಲಿ ವುಲ್ ತುಂಬಿದ ಎರಡು ಡಬ್ಬಿಗಳನ್ನು ಸಾಲಾಗಿ ಜೋಡಿಸಿ ಹೈಪೋವನ್ನು ನಿಧಾನವಾಗಿ ಹರಿಸುತ್ತಿದ್ದರು. ತಿಂಗಳಿಗೆ ಒಂದೆರಡು ಕ್ಯಾನ್ ತುಂಬುವವರಿಗೆ ಅಷ್ಟು ಬೇಡ. ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹೈಪೋ ಮತ್ತು ಮೊದಲ ತೊಳೆನೀರನ್ನು ಕೂಡಿಸಿ, ಬಿಡಿಸಿದ ವುಲ್ ಅನ್ನು ಪೂರ್ತಿ ಮುಳುಗಿಸಿ, ಆಗಾಗ ಮರದ ಕೋಲಿನಿಂದ ತಿರುವುತ್ತ ಒಂದು ದಿನ ಬಿಟ್ಟರಾಯಿತು. ಕಿಟಕಿ ತೆರೆದಿರಲಿ, ಕೈಗವಸು ಇರಲಿ.

ಮರುದಿನ ವುಲ್ ಕರಗಿ ಕಪ್ಪು ಕೆಸರು ತಳದಲ್ಲಿ ಕೂತಿರುತ್ತದೆ. ಅದೇ ಬೆಳ್ಳಿ, ಜೊತೆಗೆ ಉಳಿದ ಕಬ್ಬಿಣ ಮತ್ತು ಸ್ವಲ್ಪ ಬೆಳ್ಳಿಯ ಸಲ್ಫೈಡ್. ಕೆಲಸ ಪೂರ್ತಿಯಾಯಿತೇ ಎಂದು ತಿಳಿಯಲು, ಉಪ್ಪುಕಾಗದದಿಂದ ಉಜ್ಜಿ ಹೊಳೆಯುವಂತೆ ಮಾಡಿದ ತಾಮ್ರದ ಪಟ್ಟಿಯನ್ನು ಮೇಲಿನ ದ್ರವದಲ್ಲಿ 10 ನಿಮಿಷ ಅದ್ದಬೇಕು. ಬೂದುಬಿಳಿ ಲೇಪ ಬಂದರೆ ಇನ್ನಷ್ಟು ವುಲ್ ಹಾಕಿ ಮತ್ತೊಂದು ದಿನ ಕಾಯಬೇಕು. ಸೋಡಿಯಂ ಸಲ್ಫೈಡ್ ಹನಿಸಿ ಕಪ್ಪಾಗುತ್ತದೆಯೇ ಎಂದು ನೋಡುವ ಹಳೆಯ ಪದ್ಧತಿಯು ಇಲ್ಲಿ ದಾರಿ ತಪ್ಪಿಸುತ್ತದೆ, ಏಕೆಂದರೆ ಈಗ ದ್ರವದಲ್ಲಿರುವ ಕಬ್ಬಿಣವೂ ಸಲ್ಫೈಡಿನೊಂದಿಗೆ ಕಪ್ಪಾಗುತ್ತದೆ. ಮೇಲಾಗಿ ಆಮ್ಲೀಯ ದ್ರವಕ್ಕೆ ಸಲ್ಫೈಡ್ ಬಿದ್ದರೆ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಬರುತ್ತದೆ. ಕಪ್ಪು ಕೆಸರನ್ನು ಬಟ್ಟೆಯಲ್ಲಿ ಸೋಸಿ, ಎರಡು ಸಲ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ ಬೆಳ್ಳಿ ಶುದ್ಧೀಕರಿಸುವವರಿಗೆ ಕೊಡಬೇಕು. ಮನೆಯಲ್ಲಿ ನೈಟ್ರಿಕ್ ಆಮ್ಲ ಹಾಕಿ ಕರಗಿಸುವ, ಹಳೆಯ ಫಿಲ್ಮುಗಳೊಂದಿಗೆ ಸುಡುವ ಸಾಹಸ ಬೇಡ. ನನ್ನ ಮೊದಲ ಸಲದ ಗಸಿಯನ್ನು ಒಯ್ದಾಗ ಅಕ್ಕಸಾಲಿಗರೊಬ್ಬರು ಬೆರಳಲ್ಲಿ ಉಜ್ಜಿ ನೋಡಿ, "ಇದ್ರಾಗ ಬೆಳ್ಳಿಗಿಂತ ಸುಣ್ಣಾನ ಜಾಸ್ತಿ ಐತ್ರಿ" ಎಂದು ವಾಪಸು ಕೊಟ್ಟರು. ಅದು ಸುಣ್ಣವಲ್ಲ, ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಆದರೆ ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಬೆಳ್ಳಿ ಹೋದ ದ್ರವದಲ್ಲಿ ಈಗ ಕಬ್ಬಿಣ ತುಂಬಿದೆ. ಮೀನಿನ ತೊಟ್ಟಿಗೆ ಬಳಸುವ ಸಣ್ಣ ಪಂಪಿನಿಂದ ಗಾಳಿ ಊದುತ್ತ, ಕರಗಿಸಿದ ವಾಷಿಂಗ್ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ ಪಿಎಚ್ ಅನ್ನು 7ರಿಂದ 7.5ಕ್ಕೆ ತರಬೇಕು. ನೊರೆ ಉಕ್ಕುವುದರಿಂದ ಬಕೆಟ್ ಅರ್ಧ ಖಾಲಿಯಿರಲಿ. ಅಮೋನಿಯಂ ಫಿಕ್ಸರಾಗಿದ್ದರೆ 8 ದಾಟಿಸಬಾರದು, ದಾಟಿದರೆ ಮೂಗೇ ಹೇಳುತ್ತದೆ. ಕಬ್ಬಿಣ ತುಕ್ಕಿನ ಬಣ್ಣದ ಎಳೆಗಳಾಗಿ ಬೇರ್ಪಡತೊಡಗುತ್ತದೆ. ನಿಮ್ಮ ಫಿಕ್ಸರ್ ಪಟಕವಿರುವ, ಎಮಲ್ಷನ್ (ಫಿಲ್ಮಿನ ಮೇಲಿನ ಬೆಳ್ಳಿ ಲವಣದ ಲೇಪ) ಗಟ್ಟಿಗೊಳಿಸುವ ಬಗೆಯದಾಗಿದ್ದರೆ ಇದೇ ಹಂತದಲ್ಲಿ ಅದರೊಳಗಿನ ಅಲ್ಯೂಮಿನಿಯಂ ಕೂಡ ಬಿಳಿ ಜೆಲ್ಲಿಯಾಗಿ ಹೊರಬಂದು ಅರ್ಧ ಕೆಲಸವನ್ನು ತಾನೇ ಮಾಡಿಬಿಡುತ್ತದೆ; ಆಗ ಪಿಎಸಿ ತುಂಬ ಕಡಿಮೆ ಸಾಕು.

ಪಿಎಸಿಯ ಪ್ರಮಾಣವನ್ನು ಊಹೆಯಿಂದ ನಿರ್ಧರಿಸಬಾರದು. ನೀರು ಶುದ್ಧೀಕರಣ ಘಟಕಗಳಲ್ಲಿ ಮಾಡುವ ಜಾರ್ ಪರೀಕ್ಷೆಯನ್ನು ನಮ್ಮ ಮಟ್ಟಕ್ಕೆ ಇಳಿಸಿಕೊಂಡರೆ ಸಾಕು. ತಿಳಿಹಳದಿ ಬಣ್ಣದ ಪಿಎಸಿ ಪುಡಿಯನ್ನು 10 ಗ್ರಾಂ ತೂಗಿ, ಕರಗಿಸಿ, ಒಟ್ಟು 1 ಲೀಟರ್ ಮಾಡಿಕೊಳ್ಳಿ. ಇದರ ಪ್ರತಿ ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಪುಡಿ ಇರುತ್ತದೆ. ಒಂದೊಂದು ಲೀಟರ್ ತ್ಯಾಜ್ಯ ಹಾಕಿದ ಐದು ಪಾರದರ್ಶಕ ಜಾರುಗಳಿಗೆ 5, 10, 20, 30, 50 ಮಿಲಿಲೀಟರ್ ಸೇರಿಸಿ. ಮೊದಲ ಒಂದು ನಿಮಿಷ ರಭಸದಿಂದ, ಮುಂದಿನ 15 ನಿಮಿಷ ಅಂಬಲಿ ತಿರುವಿದ ಹಾಗೆ ನಿಧಾನವಾಗಿ ಕಲಕಿ, ಅರ್ಧ ಗಂಟೆ ಅಲುಗಿಸದೆ ಬಿಡಿ. ಮೇಲಿನ ನೀರು ತಿಳಿಯಾದ ಜಾರುಗಳಲ್ಲಿ ಅತಿ ಕಡಿಮೆ ಪ್ರಮಾಣದ್ದೇ ನಿಮಗೆ ಬೇಕಾದ ಅಳತೆ. ಪಿಎಸಿ ಸ್ವತಃ ಆಮ್ಲೀಯವಾದುದರಿಂದ ಸೇರಿಸಿದ ಮೇಲೆ ಪಿಎಚ್ ಅನ್ನು ಮತ್ತೊಮ್ಮೆ ನೋಡಬೇಕು, 6.5ಕ್ಕಿಂತ ಇಳಿದಿದ್ದರೆ ಸೋಡಾದಿಂದ ಸರಿಪಡಿಸಬೇಕು. ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂಬ ನಂಬಿಕೆ ಇಲ್ಲಿ ನಡೆಯದು. ಮಿತಿಮೀರಿದರೆ ಕಣಗಳ ಮೈಮೇಲಿನ ವಿದ್ಯುದಂಶ ತಿರುಗುಮುರುಗಾಗಿ ಅವು ಮತ್ತೆ ಪರಸ್ಪರ ದೂರ ಸರಿದು ನೀರು ಮಬ್ಬಾಗುತ್ತದೆ.

ಬೆಳ್ಳಿ ತೆಗೆದ ಮೇಲೆ ಡೆವಲಪರ್ ಕ್ಯಾನನ್ನೂ ಈ ತ್ಯಾಜ್ಯಕ್ಕೆ ಬೆರೆಸಿದ್ದು, ಐದೂ ಜಾರುಗಳು ಮಬ್ಬಾಗಿಯೇ ಉಳಿದರೆ ಡೆವಲಪರನ್ನು ಅನುಮಾನಿಸಿ. ಕೊಪ್ಪಳ, ಬಳ್ಳಾರಿಯ ಬೋರ್‌ವೆಲ್ ನೀರಿನ ಗಡಸುತನದಿಂದ ಡೆವಲಪರಿನಲ್ಲಿ ಸುಣ್ಣದಂಥ ಗಸಿ ಬಾರದಿರಲೆಂದು ಅನೇಕರು ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಸೇರಿಸುತ್ತಾರೆ. ಕೆಲವು ತಯಾರಿ ಪುಡಿಗಳಲ್ಲೂ ಅದು ಇರುತ್ತದೆ. ಅದೂ ಅಜೈವಿಕ ಪಾಲಿಮರೇ, ರಂಜಕದ ಸರಪಳಿ. ಕಣಗಳನ್ನು ಬಿಡಿಬಿಡಿಯಾಗಿ ತೇಲಿಸಿ ಇಡುವುದೇ ಅದರ ಕೆಲಸವಾದ್ದರಿಂದ, ಕಣಗಳನ್ನು ಒಟ್ಟುಗೂಡಿಸಬೇಕಾದ ಪಿಎಸಿಗೆ ಅದು ದಾಯಾದಿಯಂತೆ ಅಡ್ಡ ನಿಲ್ಲುತ್ತದೆ. ಇದಕ್ಕೆ ಪರಿಹಾರ ಹೆಚ್ಚು ಪಿಎಸಿ ಅಲ್ಲ. ಡೆವಲಪರನ್ನು ಆರ್‌ಒ ನೀರಿನಲ್ಲೇ ಕಲಸಿ ಫಾಸ್ಫೇಟನ್ನು ಕೈಬಿಡುವುದು, ಇಲ್ಲವೇ ಡೆವಲಪರ್ ಕ್ಯಾನನ್ನು ಈ ಸಂಸ್ಕರಣೆಗೆ ಬೆರೆಸದೆ ಬೇರೆಯೇ ಇಡುವುದು ಸರಿಯಾದ ಮಾರ್ಗ.

ಎಳೆಗಳು ಹುಟ್ಟಿಯೂ ಹಗುರಾಗಿ ತೇಲುತ್ತಿದ್ದರೆ ಸೋಡಿಯಂ ಸಿಲಿಕೇಟ್ ನೆರವಿಗೆ ಬರುತ್ತದೆ. ತೀರ ತೆಳುವಾಗಿಸಿದ ಸಿಲಿಕೇಟಿಗೆ ದುರ್ಬಲ ಆಮ್ಲವನ್ನು ಹನಿಹನಿಯಾಗಿ ಸೇರಿಸಿ ಅದರ ಕ್ಷಾರವನ್ನು ಬಹುಮಟ್ಟಿಗೆ ತಗ್ಗಿಸಿ ಒಂದೆರಡು ಗಂಟೆ ಇಟ್ಟರೆ, ಸಿಲಿಕಾ ಕೂಡಿಕೊಂಡು ಉದ್ದನೆಯ ಪಾಲಿಮರ್ ಆಗತೊಡಗುತ್ತದೆ. ಪೂರ್ತಿ ಜೆಲ್ ಆಗುವ ಮೊದಲೇ ಪಿಎಸಿಯ ನಂತರ ಕೆಲವು ಹನಿ ಹಾಕಿದರೆ ಎಳೆಗಳು ದಪ್ಪವಾಗಿ ಬೇಗ ಕೆಳಗಿಳಿಯುತ್ತವೆ. ಅದನ್ನು ರಾತ್ರಿ ಹಾಗೇ ಮರೆತರೆ ಬೆಳಗ್ಗೆ ಬಾಟಲಿಯ ತುಂಬ ಗಟ್ಟಿ ಜೆಲ್ಲಿ ಸಿಗುತ್ತದೆ, ಬಾಟಲಿಯೂ ಹೋಗುತ್ತದೆ.

ತಳದ ಗಸಿಯನ್ನು ಬಟ್ಟೆಯ ಚೀಲದಲ್ಲಿ ಜಿನುಗಲು ಬಿಟ್ಟು, ಒಂದು ಸಲ ತೊಳೆದು ಒಣಗಿಸಬೇಕು. ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡಿತಿನಿಯ ಉಷ್ಣ ವಿದ್ಯುತ್ ಸ್ಥಾವರಗಳಿಂದ ಬರುವ ಹಾರುಬೂದಿಯನ್ನು ಸೋಡಿಯಂ ಸಿಲಿಕೇಟ್ ಮತ್ತು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕಲಸಿ, ಸುಮಾರು 60 ಡಿಗ್ರಿಯಲ್ಲಿ ಒಂದು ದಿನ ಇಟ್ಟರೆ ಕಲ್ಲಿನಂಥ ಜಿಯೋಪಾಲಿಮರ್ ಆಗುತ್ತದೆ. ಗಸಿಯನ್ನು ಅದರೊಳಗೆ ಸೇರಿಸಿ ಬಂಧಿಸಿಡುವ ವಿಧಾನವೂ ಇದೆ. ಗಸಿಯ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಕ್ಷಾರದಲ್ಲಿ ಕರಗಿ ಆ ಹೆಣಿಗೆಯೊಳಗೇ ಸೇರಿಕೊಳ್ಳುತ್ತದೆ. ಆದರೆ ಇಷ್ಟು ಗಾಢ ಕಾಸ್ಟಿಕ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು, ಗಸಿಯಲ್ಲಿ ಅಮೋನಿಯಂ ಉಳಿದಿದ್ದರೆ ಕೋಣೆಯೆಲ್ಲ ಅಮೋನಿಯಾ ತುಂಬುತ್ತದೆ. ವರ್ಷಕ್ಕೆ ಒಂದು ಡಬ್ಬಿ ಗಸಿ ಮಾಡುವವರು ಇದಕ್ಕೆ ಕೈಹಾಕದೆ ಒಣಗಿದ ಗಸಿಯನ್ನೇ ಅಧಿಕೃತ ಸಂಗ್ರಹಕಾರರಿಗೆ ಒಪ್ಪಿಸುವುದು ಮೇಲು. ಇಟ್ಟಿಗೆ ಮಾಡಿದ ಮಾತ್ರಕ್ಕೆ ತ್ಯಾಜ್ಯ ತ್ಯಾಜ್ಯವಲ್ಲದಂತೆ ಆಗಿಬಿಡುವುದಿಲ್ಲ.

ಕೊನೆಗೆ ಉಳಿಯುವುದು ತಿಳಿಯಾದ ನೀರು. ನೋಟಕ್ಕೆ ಕುಡಿಯುವ ನೀರಿನಂತಿದ್ದರೂ ಥಯೋಸಲ್ಫೇಟ್ ಇನ್ನೂ ಅದರಲ್ಲೇ ಇದೆ. ಕಬ್ಬಿಣವಾಗಲಿ ಪಿಎಸಿಯಾಗಲಿ ಅದನ್ನು ತೆಗೆಯುವುದಿಲ್ಲ. ಅದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರುವುದರಿಂದ ತೆರೆದ ಚರಂಡಿ, ಕಾಲುವೆ, ಸೆಪ್ಟಿಕ್ ಗುಂಡಿ ಯಾವುದಕ್ಕೂ ಬಿಡುವಂತಿಲ್ಲ. ಎಕ್ಸ್‌ರೇ ಕೊಠಡಿಯವರಿಗಂತೂ ಇಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಎಕ್ಸ್‌ರೇ ಫಿಲ್ಮ್ ತೊಳೆದ ಬೆಳ್ಳಿಯುಕ್ತ ದ್ರವವನ್ನು ಹಳದಿ ವರ್ಗದ ರಾಸಾಯನಿಕ ದ್ರವ ತ್ಯಾಜ್ಯವೆಂದು ಹೆಸರಿಸಿವೆ. ಅದನ್ನು ಪ್ರತ್ಯೇಕವಾಗಿ ಸಂಗ್ರಹಿಸಿ, ಬೆಳ್ಳಿಯಂಥ ಸಂಪನ್ಮೂಲವನ್ನು ತೆಗೆದು, ಪೂರ್ವಸಂಸ್ಕರಣೆ ಮಾಡಿದ ಮೇಲೆಯೇ ಇತರ ಕೊಳಚೆ ನೀರಿಗೆ ಸೇರಿಸಬೇಕು. ಹವ್ಯಾಸಿಗಳು ತಮ್ಮ ಕ್ಯಾನನ್ನು ಸಂಸ್ಕರಣಾ ಘಟಕವಿರುವ ಆಸ್ಪತ್ರೆ ಅಥವಾ ಕಾಲೇಜು ಪ್ರಯೋಗಾಲಯದವರು ಒಪ್ಪಿಕೊಳ್ಳುವರೇ ಎಂದು ಮೊದಲೇ ವಿಚಾರಿಸಿಕೊಂಡು, ಬೆಳ್ಳಿ ಮತ್ತು ಕಬ್ಬಿಣ ತೆಗೆದ ದಿನಾಂಕ, ಕೊನೆಯ ಪಿಎಚ್, ಬಳಸಿದ ಫಿಕ್ಸರಿನ ಬಗೆ ಇವಿಷ್ಟನ್ನು ಬರೆದ ಚೀಟಿ ಅಂಟಿಸಿ ಒಯ್ಯಬೇಕು. ಚೀಟಿಯಿಲ್ಲದ ಕ್ಯಾನನ್ನು ಯಾರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಬಿಟ್ಟುಕೊಳ್ಳಲೂಬಾರದು.