ನೋಡ್ ಸರ್ವರ್‌ಗೆ ಬಂದ ವಿಳಾಸ ಬಿಡಿಸುವುದು ಹೇಗೆ?

ಮಡಿಕೇರಿಯ ಪರಿಚಯದ ಹುಡುಗನೊಬ್ಬ ಜೇನು, ಏಲಕ್ಕಿ, ಕರಿಮೆಣಸು ಮಾರುವ ವೆಬ್‌ಸೈಟ್ ಮಾಡಿದ್ದ. ಹುಡುಕುವ ಜಾಗದಲ್ಲಿ ‘ಜೇನು & ಏಲಕ್ಕಿ’ ಅಂತ ಹೊಡೆದರೆ ಬರೀ ಜೇನು ಬರುತ್ತಿತ್ತು. ಕೋಡ್ ತೆಗೆದು ನೋಡಿದರೆ ವಿಳಾಸವನ್ನು ಕೈಯಾರೆ ತುಂಡರಿಸುವ ಸ್ಪ್ಲಿಟ್ ಮೇಲೆ ಸ್ಪ್ಲಿಟ್. ಇದೇ ತಪ್ಪನ್ನು ಎಷ್ಟು ಕಡೆ ನೋಡಿದ್ದೇನೋ ಲೆಕ್ಕವಿಲ್ಲ.

ಮೊದಲು ನೋಡ್ (ಜಾವಾಸ್ಕ್ರಿಪ್ಟ್ ಅನ್ನು ಸರ್ವರ್‌ನಲ್ಲಿ ಓಡಿಸುವ ತಂತ್ರಾಂಶ) ಹಾಕಿಕೊಂಡು ಎಚ್‌ಟಿಟಿಪಿ ಸರ್ವರ್ ಶುರು ಮಾಡಿ. ಐದು ನಿಮಿಷದ ಕೆಲಸ. ವಿಳಾಸ ಬಿಡಿಸೋಕೆ ಅಂತ ಸುಮ್ನೆ ಬೇರೆ ಪ್ಯಾಕೇಜ್ ಇಳಿಸಬೇಡಿ. ಯುಆರ್‌ಎಲ್ ಕ್ಲಾಸ್ (ವಿಳಾಸವನ್ನು ಭಾಗ ಭಾಗ ಮಾಡಿಕೊಡುವ ಸಲಕರಣೆ) ನೋಡ್ 10ರಿಂದ ರಿಕ್ವೈರ್ ಮಾಡಿ ತರಿಸಿಕೊಳ್ಳದೆಯೂ ಸಿಗುತ್ತದೆ. ಹಳೇ ಪಾಠಗಳಲ್ಲಿ ಬರುವ ‘ಯುಆರ್‌ಎಲ್.ಪಾರ್ಸ್’ ಮುಟ್ಟಲೇಬೇಡಿ, ಅದರ ಕಾಲ ಮುಗಿದಿದೆ.

ಈಗ ಎಡವುವ ಜಾಗ. ‘ರಿಕ್ವೆಸ್ಟ್.ಯುಆರ್‌ಎಲ್’ ಅಂದರೆ ಪೂರ್ತಿ ವಿಳಾಸ ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ಡೊಮೇನ್ ಇರುವುದಿಲ್ಲ, ‘/ಹುಡುಕು?ಸಾಮಾನು=ಜೇನು’ ಅನ್ನುವ ಬಾಲ ಮಾತ್ರ. ಅದನ್ನಷ್ಟೇ ಯುಆರ್‌ಎಲ್‌ಗೆ ಕೊಟ್ಟರೆ ‘ಇನ್ವ್ಯಾಲಿಡ್ ಯುಆರ್‌ಎಲ್’ ಅಂತ ಬೈಯುತ್ತದೆ. ಬೇಸ್ ವಿಳಾಸವನ್ನು ಎರಡನೇ ಆರ್ಗ್ಯುಮೆಂಟ್ ಆಗಿ ಕೊಡಿ ಅಂತ ತುಂಬಾ ಜನ ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಯಾರೋ ಎರಡು ಸ್ಲ್ಯಾಶ್ ಹಾಕಿ ‘//ಮಡಿಕೇರಿ/ಜೇನು’ ಅಂತ ಕಳಿಸಿದರೆ ‘ಮಡಿಕೇರಿ’ಯೇ ಡೊಮೇನ್ ಆಗಿಬಿಡುತ್ತದೆ, ಪಾತ್ (ಡೊಮೇನ್ ನಂತರದ ದಾರಿ) ಬರೀ ‘/ಜೇನು’. ಬರೀ ‘//’ ಬಂದರೆ ಎರರ್. ಅದನ್ನು ಯಾರೂ ಹಿಡಿಯದಿದ್ದರೆ ಸರ್ವರ್ರೇ ಮಲಗುತ್ತದೆ. ಒಂದು ಮಳೆಗಾಲದ ರಾತ್ರಿ ನನ್ನದೂ ಹೀಗೇ ಮಲಗಿತ್ತು. ಕರೆಂಟ್ ಹೋಗಿದೆ ಅಂದುಕೊಂಡು ನಾನೂ ಮಲಗಿದ್ದೆ.

ಅದಕ್ಕೇ ‘ಎಚ್‌ಟಿಟಿಪಿ://ಲೋಕಲ್‌ಹೋಸ್ಟ್’ ಅನ್ನು ರಿಕ್ವೆಸ್ಟ್.ಯುಆರ್‌ಎಲ್‌ನ ಮುಂದೆ ಪ್ಲಸ್ ಹಾಕಿ ಅಂಟಿಸಿ, ಆಮೇಲೆ ಯುಆರ್‌ಎಲ್‌ಗೆ ಕೊಡಿ. ರಿಕ್ವೆಸ್ಟ್ ಜೊತೆ ಡೊಮೇನ್ ಹೆಸರು ಹೊತ್ತು ಬರುವ ಹೋಸ್ಟ್ ಹೆಡರ್ ತಂದು ಅಂಟಿಸಬೇಡಿ. ಅದನ್ನು ಕಳಿಸುವವರು ಏನು ಬೇಕಾದರೂ ಬರೆಯಬಹುದು. ಇಷ್ಟಾದರೂ ಎರರ್ ಹಿಡಿಯುವ ಟ್ರೈ-ಕ್ಯಾಚ್ ಇರಲಿ, ಎರರ್ ಬಂದರೆ 400 (ರಿಕ್ವೆಸ್ಟ್ ತಪ್ಪಾಗಿದೆ ಅನ್ನುವ ಕೋಡ್) ಕಳಿಸಿ.

ಇನ್ನು ಹುಡುಗನ ಜೇನು. ಬ್ರೌಸರ್ ‘&’ ಅನ್ನು %26 ಮಾಡಿ ಕಳಿಸಿತ್ತು. ಇವನು ಮೊದಲು ಪೂರ್ತಿ ವಿಳಾಸವನ್ನು ಡಿಕೋಡ್ ಮಾಡಿ (ಅಂದರೆ %26 ಅನ್ನು ಮತ್ತೆ ‘&’ ಆಗಿಸಿ), ಆಮೇಲೆ ‘&’ ಇದ್ದಲ್ಲೆಲ್ಲ ಕತ್ತರಿಸಿದ. ಎಲ್ಲ ಮೂಟೆ ಬಿಚ್ಚಿ ಕಣದಲ್ಲಿ ಸುರಿದ ಮೇಲೆ ಯಾವ ಮೆಣಸು ಯಾರ ತೋಟದ್ದು ಅಂತ ಕೇಳಿದ ಹಾಗಾಯಿತು. ಮೊದಲು ಕತ್ತರಿಸಬೇಕು, ಆಮೇಲೆ ಡಿಕೋಡ್. ‘ಸರ್ಚ್‌ಪ್ಯಾರಮ್ಸ್.ಗೆಟ್’ ಕರೆದರೆ ಎರಡೂ ಸರಿಯಾದ ಕ್ರಮದಲ್ಲಿ ಆಗುತ್ತವೆ, ಕನ್ನಡ ಅಕ್ಷರವೂ ನೆಟ್ಟಗೆ ಬರುತ್ತದೆ. ‘ಸಾಮಾನು’ ಥರದ ಒಂದೇ ಹೆಸರು ಹಲವು ಸಲ ಬಂದಿದ್ದರೆ ‘ಗೆಟ್‌ಆಲ್’. ‘ಪಾತ್‌ನೇಮ್’ ಮಾತ್ರ ಡಿಕೋಡ್ ಆಗಿರುವುದಿಲ್ಲ, ಅದನ್ನು ನೀವೇ ಮಾಡಬೇಕು.

‘#’ ಆದಮೇಲಿನ ಭಾಗವನ್ನು ಬ್ರೌಸರ್ ಸರ್ವರ್‌ಗೆ ಕಳಿಸುವುದೇ ಇಲ್ಲ, ಹುಡುಕಬೇಡಿ.

ಗೆಟ್ ಕೊಡುವುದು ಅಕ್ಷರ, ಸಂಖ್ಯೆ ಅಲ್ಲ. ಹೆಸರೇ ಇಲ್ಲದಿದ್ದರೆ ನಲ್, ಅಂದರೆ ಏನೂ ಇಲ್ಲ. ಲೆಕ್ಕ ಮಾಡುವ ಮೊದಲು ‘ನಂಬರ್’ ಮಾಡಿಕೊಳ್ಳಿ. ನಮ್ಮ ಹುಡುಗ 2 ಕೆ.ಜಿ.ಗೆ ಇನ್ನೊಂದು ಕೂಡಿಸಲು ಹೋಗಿ, ಗಿರಾಕಿಗೆ 21 ಕೆ.ಜಿ. ಮೆಣಸಿನ ಬಿಲ್ ಕಳಿಸಿದ್ದ.