ಹಬ್ಬುವಾಡದ ಮನೆಯ ಮೇಲೆ ರಿವರ್ಸ್ ಮಾರ್ಟ್‌ಗೇಜ್ ಮಾಡಿಸಿದ ಅನುಭವ

ನಾನು ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವನು. ಪಿಎಫ್ ಕಡೆಯ ಪಿಂಚಣಿ ಎರಡು ಸಾವಿರ ಚಿಲ್ಲರೆ. ಎಫ್‌ಡಿ ಔಷಧಿಗೇ ಕರಗುತ್ತಿತ್ತು. ಇದ್ದದ್ದು ಕಾರವಾರದ ಹಬ್ಬುವಾಡದಲ್ಲಿ ದುಡಿದು ಕಟ್ಟಿಸಿದ ಮನೆ. ಮೇಲೊಂದು ಮಹಡಿ ಇರುವವರು ಕೈಗಾ ಅಥವಾ ನೌಕಾನೆಲೆಯ ನೌಕರರಿಗೆ ಬಾಡಿಗೆ ಕೊಟ್ಟು ನೆಮ್ಮದಿಯಾಗಿದ್ದಾರೆ. ನಮ್ಮದು ಒಂದೇ ಅಂತಸ್ತು. ಮನೆ ಮಾರಿ ಮಕ್ಕಳ ಊರಿಗೆ ಹೋಗಲು ಇಬ್ಬರಿಗೂ ಮನಸ್ಸಿರಲಿಲ್ಲ.

ರಿವರ್ಸ್ ಮಾರ್ಟ್‌ಗೇಜ್‌ನಲ್ಲಿ ಬ್ಯಾಂಕೇ ನಮಗೆ ತಿಂಗಳು ತಿಂಗಳು ಹಣ ಕೊಡುತ್ತದೆ. ಗಂಡ ಹೆಂಡತಿಯಲ್ಲಿ ಒಬ್ಬರಾದರೂ ಇರುವವರೆಗೆ ಕಂತು ಕಟ್ಟುವ ಮಾತಿಲ್ಲ, ಮನೆ ಬಿಡುವ ಮಾತೂ ಇಲ್ಲ. ರಾಷ್ಟ್ರೀಯ ವಸತಿ ಬ್ಯಾಂಕ್ 2007ರಲ್ಲೇ ಇದಕ್ಕೆ ಮಾರ್ಗಸೂಚಿ ಮಾಡಿದೆ. ವಯಸ್ಸು 60 ದಾಟಿರಬೇಕು. ಬರುವುದು ಸಾಲದ ಹಣವಾದ್ದರಿಂದ ಆದಾಯ ತೆರಿಗೆಯೂ ಇಲ್ಲ. ಆದರೂ ನಾನು ಮೊದಲು ಹೋದ ಬ್ಯಾಂಕ್ ಶಾಖೆಯಲ್ಲಿ ಈ ಸಾಲದ ಹೆಸರು ಕೇಳಿದವರೇ ಇರಲಿಲ್ಲ. ಜಿಲ್ಲೆಯ ಹೊರಗಿನ ದೊಡ್ಡ ಕಚೇರಿಗೆ ಬರೆದ ಮೇಲೆ ಕೆಲಸ ಸಾಗಿತು.

ಪಿತ್ರಾರ್ಜಿತ ಮನೆಗೆ ಇದು ಸಿಗುವುದಿಲ್ಲ. ಅಂಕೋಲಾ ಬದಿಯಲ್ಲಿರುವ ನಮ್ಮ ಮೂಲಮನೆ ಇನ್ನೂ ಪಾಲಾಗಿಲ್ಲ. ಅದನ್ನು ಕೇಳುವುದೇ ಬೇಡ ಅಂದರು. ಹಬ್ಬುವಾಡದ್ದು ನಮ್ಮಿಬ್ಬರ ಹೆಸರಲ್ಲೇ ಇತ್ತು. ಖರೀದಿ ಪತ್ರ, ಎನ್‌ಎ (ಕೃಷಿಯೇತರ ಬಳಕೆಯ) ಆದೇಶ, ಕಟ್ಟಡ ಪರವಾನಗಿ, ನಗರಸಭೆಯ ಖಾತೆ ಉತಾರ, ತೆರಿಗೆ ರಸೀದಿ, ಇ.ಸಿ. (ಋಣಭಾರ ಪ್ರಮಾಣಪತ್ರ) ಎಲ್ಲ ಒಂದೇ ಫೈಲಿನಲ್ಲಿದ್ದವು. ವಕೀಲರ ಪರಿಶೀಲನೆ ಸಲೀಸಾಗಿ ಮುಗಿಯಿತು.

ತಡೆದದ್ದು ಇಂಜಿನಿಯರರ ಪರಿಶೀಲನೆ. ಮನೆ ಇನ್ನೂ 20 ವರ್ಷವಾದರೂ ಬಾಳುವಂತಿರಬೇಕು ಅನ್ನುವುದು ನಿಯಮ. ಚಿರೆಕಲ್ಲಿನ ಗೋಡೆಗೆ ಅವರು ಏನೂ ಅನ್ನಲಿಲ್ಲ. ಪೋರ್ಟಿಕೋದ ಸ್ಲ್ಯಾಬ್ ಕೆಳಗೆ ನಿಂತು ಸಣ್ಣ ಸುತ್ತಿಗೆಯಲ್ಲಿ ಟಕಟಕ ಬಡಿಯುತ್ತಾ ಹೋದರು. ಒಂದು ಕಡೆ ಟೊಳ್ಳು ಸದ್ದು ಬಂತು. ಇನ್ನೊಂದು ಪೆಟ್ಟಿಗೆ ಅಂಗೈಯಗಲದ ಗಾರೆ ಉದುರಿತು. ಒಳಗೆ ಸರಳು ತುಕ್ಕು ಹಿಡಿದು ಪದರು ಪದರಾಗಿ ಉಬ್ಬಿತ್ತು. ನಮ್ಮ ಕರಾವಳಿಯ ಉಪ್ಪುಗಾಳಿಗೆ ಇದು ಸಾಮಾನ್ಯ. ಆ ಭಾಗ ಒಡೆಸಿ, ಸರಳು ಬದಲಿಸಿ, ಮತ್ತೆ ಕಾಂಕ್ರೀಟ್ ಹಾಕಿಸಿದ ಮೇಲೆಯೇ ವರದಿ ಕೊಟ್ಟರು. ಸ್ಲ್ಯಾಬ್ ಮನೆ ಇರುವವರು ಮಳೆಗಾಲಕ್ಕೆ ಮೊದಲೇ ಇದನ್ನು ನೋಡಿಸಿಕೊಳ್ಳಿ.

ಇನ್ನು ಲೆಕ್ಕ. ಇದನ್ನು ಸರಿಯಾಗಿ ತಿಳಿಯದೆ ದಯವಿಟ್ಟು ಸಹಿ ಹಾಕಬೇಡಿ. ಮನೆಯ ಬೆಲೆ 50 ಲಕ್ಷ ಅಂತ ಇಟ್ಟುಕೊಳ್ಳಿ. ಬಡ್ಡಿಯೂ ಸೇರಿ ಅವಧಿಯ ಕೊನೆಗೆ ಸಾಲ 30 ಲಕ್ಷ ಮುಟ್ಟಬಹುದು ಅಂತ ಬ್ಯಾಂಕ್ ಒಪ್ಪಿತು. ಬಡ್ಡಿ ಶೇ. 11 ಆದರೆ, 10 ವರ್ಷದ ಅವಧಿಗೆ ತಿಂಗಳಿಗೆ ಸುಮಾರು 13,800 ರೂಪಾಯಿ. 15 ವರ್ಷಕ್ಕಾದರೆ ಬರೀ 6,600. ಆ 15 ವರ್ಷದಲ್ಲಿ ನಮ್ಮ ಕೈಗೆ ಬರುವುದು ಹನ್ನೆರಡು ಲಕ್ಷದೊಳಗೆ, ಮಿಕ್ಕ ಹದಿನೆಂಟು ಬಡ್ಡಿ. ಐವತ್ತು ಲಕ್ಷದ ಮನೆಗೆ ಇಷ್ಟೇನಾ ಅನ್ನಿಸುತ್ತೆ, ಅಲ್ವಾ?

ಆದರೂ ನಾವು 15 ವರ್ಷವನ್ನೇ ಹಿಡಿದೆವು. ನನಗೆ 71, ನನ್ನ ಹೆಂಡತಿಗೆ 66. ಹತ್ತು ವರ್ಷಕ್ಕೆ ಮಾಡಿಸಿದರೆ ಅವಳ 76ಕ್ಕೆ ಹಣ ನಿಂತುಹೋಗುತ್ತದೆ. ಆಮೇಲೂ ಮನೆಯಲ್ಲಿ ಇರಬಹುದು, ನಿಜ. ಆದರೆ ಅಕ್ಕಿ ಬೇಳೆಗೆ? ಇಬ್ಬರಲ್ಲಿ ಚಿಕ್ಕವರ ವಯಸ್ಸು ನೋಡಿಯೇ ಅವಧಿ ಹಿಡಿಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೈಕಾಲು ಗಟ್ಟಿಯಿದ್ದು ಬೇರೆ ಆದಾಯವಿದ್ದರೆ 60ಕ್ಕೇ ಅವಸರವೂ ಬೇಡ. ಚಿಕಿತ್ಸೆಗೆ ಒಂದಷ್ಟನ್ನು ಒಟ್ಟಿಗೆ ತೆಗೆಯಲು ಅವಕಾಶವಿದೆ, ಆಗ ತಿಂಗಳ ಹಣ ಇಳಿಯುತ್ತದೆ. ದೊಡ್ಡ ಕಾಯಿಲೆಗೆ ಗೋವಾ, ಮಣಿಪಾಲ ಅಂತ ಓಡಬೇಕಾದ ನಮ್ಮಂಥವರಿಗೆ ಈ ದಾರಿ ತೆರೆದಿರುವುದು ದೊಡ್ಡ ಧೈರ್ಯ.

ಸಹಿಗೆ ಮೊದಲು, ಚೌತಿಗೆ ಮಕ್ಕಳೆಲ್ಲ ಬಂದಾಗ ವಿಷಯ ತೆಗೆದೆ. ಮಗನಿಗೆ ಬೇಜಾರಾಯಿತು.

“ಅಪ್ಪಾ, ನಾವಿಲ್ವಾ? ತಿಂಗಳಿಗೆ ನಾನೇ ಕಳಿಸ್ತೀನಿ.”

“ನೀನು ಕಳಿಸ್ತೀಯ, ಗೊತ್ತು ಮಗಾ. ನಿನ್ನ ಮಕ್ಕಳ ಓದೂ ಇದೆಯಲ್ಲ” ಅಂದಳು ಅವನ ಅಮ್ಮ.

ನಾನು ಕರಾರಿನ ಕರಡು ಮುಂದಿಟ್ಟೆ. ನಮ್ಮಿಬ್ಬರ ಕಾಲದ ನಂತರ ಸಾಲ ತೀರಿಸಿ ಮನೆ ಬಿಡಿಸಿಕೊಳ್ಳುವ ಮೊದಲ ಅವಕಾಶ ಮಕ್ಕಳದ್ದು. ಬೇಡವಾದರೆ ಬ್ಯಾಂಕ್ ಮಾರುತ್ತದೆ, ಸಾಲ ಕಳೆದು ಉಳಿದದ್ದು ಅವರಿಗೇ. ಮಾರಿದ ಹಣ ಸಾಲಕ್ಕೆ ಸಾಲದೆ ಹೋದರೂ ಅವರ ಜೇಬಿಗೆ ಕೈ ಹಾಕುವಂತಿಲ್ಲ. ಮಗಳು ಎರಡು ಸಲ ಓದಿ, ಆಯ್ತು ಅಂದಳು. ಮಗ ಒಪ್ಪಲು ಇನ್ನೊಂದು ದಿನ ಬೇಕಾಯಿತು.

ಷರತ್ತುಗಳಲ್ಲಿ ನಮ್ಮನ್ನು ಹೆಚ್ಚು ಕಟ್ಟಿಹಾಕುವುದು ಎರಡು. ಮನೆಯ ಯಾವ ಭಾಗವನ್ನೂ ಬಾಡಿಗೆಗೆ ಕೊಡುವಂತಿಲ್ಲ. ಒಂದು ವರ್ಷ ಸತತವಾಗಿ ಮನೆ ಖಾಲಿ ಬಿಟ್ಟರೆ ಸಾಲ ಪೂರ್ತಿ ಕೇಳಬಹುದು. ಮೊಮ್ಮಗುವನ್ನು ನೋಡಿಕೊಳ್ಳಲು ಪುಣೆಗೆ ಹೋದರೂ ಸುಮ್ನೆ ಅಲ್ಲೇ ಉಳಿಯುವ ಹಾಗಿಲ್ಲ. ಮನೆ ತೆರಿಗೆ, ವಿಮೆ, ರಿಪೇರಿ ನಮ್ಮದೇ ಖರ್ಚು. ತಿಂಗಳ ಹಣದಲ್ಲಿ ಸ್ವಲ್ಪವನ್ನು ಇದಕ್ಕೇ ಆರ್‌ಡಿ ಕಟ್ಟುತ್ತಿದ್ದೇವೆ. ಹಣ ಬೀಳುವುದು ಜಂಟಿ ಖಾತೆಗೆ. ಪಾಸ್‌ಬುಕ್ ಬರೆಸಿಕೊಂಡು ಬರುವುದು, ಬ್ಯಾಂಕಿನವರ ಹತ್ತಿರ ಸಾಲದ ಲೆಕ್ಕ ಕೇಳುವುದು ಎಲ್ಲ ಈಗ ನನ್ನ ಹೆಂಡತಿಯೇ ಮಾಡುತ್ತಾಳೆ. ಅವಳಿಗೇ ಇದು ಹೆಚ್ಚು ವರ್ಷ ಬೇಕಾಗುವುದು.