ಡ್ರ್ಯಾಗ್ ಕಾರಿಗೆ ಮುಂದಿನ ಶಾಕ್, ಸ್ಪ್ರಿಂಗ್ ಆರಿಸೋದು: ಮೊದಲು ತೂಕ ನೋಡಿ, ಆಮೇಲೆ ದುಡ್ಡು ಬಿಚ್ಚಿ

ಹಿಂದಿನ ಚಕ್ರಕ್ಕೆ ಪವರ್ ಹೋಗೋ ಡ್ರ್ಯಾಗ್ ಕಾರು, ಅಂದ್ರೆ ನೇರ ರಸ್ತೇಲಿ ನಿಂತಲ್ಲಿಂದ ಓಡೋ ರೇಸಿನ ಕಾರು, ಕಟ್ಟೋವಾಗ ಎಲ್ರೂ ತಲೆ ಕೆಡಿಸ್ಕೊಳ್ಳೋದು ಹಿಂದಿನ ಟಯರ್, ಹಿಂದಿನ ಶಾಕ್, ಚಕ್ರಾನ ಚಾಸಿಗೆ ಹಿಡಿದಿರೋ ಹಿಂದಿನ ಆರ್ಮ್ ಬಗ್ಗೆನೇ, ಮುಂದೆ ಏನಿದ್ಯೋ ಅದೇ ಇರ್ಲಿ ಅಂತ ಬಿಟ್ಬಿಡ್ತಾರೆ. ಆದ್ರೆ ಲಾಂಚಲ್ಲಿ, ಅಂದ್ರೆ ನಿಂತಲ್ಲಿಂದ ಜೋರಾಗಿ ಹೊರಡೋವಾಗ, ಹಿಂದಿನ ಟಯರ್ ಮೇಲೆ ಹೆಚ್ಚಿಗೆ ಕೂರೋ ಭಾರ ಮುಂದಿನ ಚಕ್ರದ್ದೇ. ಅದು ಹೇಗೆ ಹೋಗಿ ಕೂರತ್ತೆ ಅನ್ನೋದು ಮುಂದಿನ ಸ್ಪ್ರಿಂಗ್, ಶಾಕ್ ಕೈಲಿದೆ.

ಒಂದು ತಪ್ಪು ಕಲ್ಪನೆ ಮೊದಲೇ ತೆಗೆದುಬಿಡೋಣ. ಮೆತ್ತನೆ ಸ್ಪ್ರಿಂಗ್ ಹಾಕಿದ್ರೆ ಜಾಸ್ತಿ ಭಾರ ಹಿಂದೆ ಹೋಗತ್ತೆ ಅಂತ ಬಹಳ ಜನ ನಂಬಿದಾರೆ. ಒಟ್ಟು ಎಷ್ಟು ಭಾರ ಹೋಗತ್ತೆ ಅನ್ನೋದನ್ನ ನಿರ್ಧರಿಸೋದು ಗಾಡಿ ತೂಕ, ಭಾರದ ಕೇಂದ್ರ ನೆಲದಿಂದ ಎಷ್ಟು ಎತ್ತರ ಇದೆ, ವೀಲ್‌ಬೇಸ್ ಎಷ್ಟುದ್ದ (ಅಂದ್ರೆ ಮುಂದಿನ, ಹಿಂದಿನ ಚಕ್ರದ ಮಧ್ಯೆ ಎಷ್ಟು ದೂರ), ಗಾಡಿ ಎಷ್ಟು ಜೋರಾಗಿ ಮುಂದೆ ನುಗ್ತಿದೆ, ಇಷ್ಟೇ. 1400 ಕೆಜಿ ಗಾಡಿ, ಕೇಂದ್ರ 50 ಸೆಂಟಿಮೀಟರ್ ಮೇಲೆ, ವೀಲ್‌ಬೇಸ್ 2.6 ಮೀಟರ್, 1 ಜಿ (ಗುರುತ್ವದಷ್ಟೇ ವೇಗವರ್ಧನೆ) ಲಾಂಚ್ ಅಂದ್ಕೊಳ್ಳಿ, ಸುಮಾರು 270 ಕೆಜಿ ಮುಂದಿನಿಂದ ಹಿಂದಕ್ಕೆ ಹೋಗತ್ತೆ. ಮೂತಿ ಮೇಲೇರಿದಾಗ ಕೇಂದ್ರನೂ ಸ್ವಲ್ಪ ಏರೋದ್ರಿಂದ ಲೆಕ್ಕ ಚೂರು ಬದಲಾಗತ್ತೆ, ಅಷ್ಟೇ. ಸ್ಪ್ರಿಂಗು ಶಾಕು ಮಾಡೋ ಕೆಲ್ಸ ಬೇರೆ: ಆ ಭಾರ ಟಯರ್ ಮೇಲೆ ಯಾವ ಹದದಲ್ಲಿ ಬಂದು ಕೂರತ್ತೆ, ಬಂದ್ಮೇಲೆ ಅಲ್ಲೇ ನಿಲ್ಲತ್ತಾ ಇಲ್ಲ ಒಂದು ಏಟು ಕೊಟ್ಟು ವಾಪಸ್ ಹೋಗತ್ತಾ ಅನ್ನೋದು.

ಸ್ಪ್ರಿಂಗಿಂದ ಶುರು ಮಾಡಿ, ಶಾಕಿಂದ ಅಲ್ಲ. ನಾಲ್ಕು ಚಕ್ರಕ್ಕೂ ತೂಕದ ಪ್ಯಾಡ್ ಇಟ್ಟು, ಡ್ರೈವರ್ ಸೀಟಲ್ಲಿ ಕೂತು, ರೇಸಿಗೆ ಹಾಕೋವಷ್ಟೇ ಪೆಟ್ರೋಲ್ ಹಾಕಿ ತೂಕ ನೋಡಿ. ಮುಂದಿನ ಒಂದು ಚಕ್ರಕ್ಕೆ 354 ಕೆಜಿ ಬಂತು ಅನ್ನಿ, ಇಂಥ ಸ್ಪ್ರಿಂಗ್ ಮೇಲಿನ ನಂಬರ್ ಸಾಮಾನ್ಯವಾಗಿ ಪೌಂಡಲ್ಲಿ ಇರೋದ್ರಿಂದ ಪೌಂಡಲ್ಲಿ 780. ಚಕ್ರ, ಟಯರ್, ಬ್ರೇಕ್, ಹಬ್, ಆರ್ಮಿನ ಒಂದು ಪಾಲು ಇವೆಲ್ಲ ಸ್ಪ್ರಿಂಗ್ ಮೇಲೆ ಕೂರಲ್ಲ, ಅದಕ್ಕೆ ಅಂದಾಜು 80 ಕಳೀರಿ, 700 ಉಳೀತು.

ಈಗ ಮೋಷನ್ ರೇಶಿಯೋ, ಅಂದ್ರೆ ಚಕ್ರ ಇಷ್ಟು ಆಡಿದ್ರೆ ಸ್ಪ್ರಿಂಗ್ ಎಷ್ಟು ಆಡತ್ತೆ ಅನ್ನೋ ಲೆಕ್ಕ. ಡಬಲ್ ವಿಶ್‌ಬೋನ್ (ಚಕ್ರಕ್ಕೆ ಮೇಲೊಂದು, ಕೆಳಗೊಂದು ಆರ್ಮ್ ಇರೋ) ಗಾಡೀಲಿ ಸ್ಪ್ರಿಂಗ್ ಆರ್ಮಿನ ಮಧ್ಯದಲ್ಲೆಲ್ಲೋ ಕೂತಿರತ್ತೆ, ಚಕ್ರ 2 ಇಂಚು ಮೇಲೇರಿದ್ರೆ ಸ್ಪ್ರಿಂಗ್ 2 ಇಂಚು ಒತ್ತಲ್ಲ. ಗಾಡೀನ ಸ್ಟ್ಯಾಂಡ್ ಮೇಲೆ ಭದ್ರವಾಗಿ ಕೂರಿಸಿ, ಸ್ಪ್ರಿಂಗ್ ತೆಗೆದು, ಚಕ್ರಾನ 2 ಇಂಚು ಎತ್ತಿ, ಶಾಕ್ ಎಷ್ಟು ಒಳಗೆ ಹೋಯ್ತು ಅಂತ ಶಾಕಿನ ಉದ್ದಕ್ಕೇ ಟೇಪ್ ಹಿಡಿದು ನೋಡಿ. 1.4 ಇಂಚು ಬಂದ್ರೆ ರೇಶಿಯೋ 0.7. ಆ 700ನ 0.7ರಿಂದ ಭಾಗಿಸಿದ್ರೆ 1000, ಸ್ಪ್ರಿಂಗ್ ನಿಜವಾಗ್ಲೂ ಹೊರೋದು ಅಷ್ಟು ಪೌಂಡ್. ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಂದೇ ಕಂಬವಾಗಿ ಚಕ್ರದ ಹಬ್ ಹತ್ರಾನೇ ಕೂತಿರೋದು) ಆದ್ರೆ ರೇಶಿಯೋ ಹತ್ರಹತ್ರ 1 ಇರತ್ತೆ, ತಲೆನೋವು ಕಮ್ಮಿ.

1000 ಪೌಂಡ್ ಹೊರೋಕೆ ಇಂಚಿಗೆ 400 ಪೌಂಡಿನ ಸ್ಪ್ರಿಂಗ್ ಹಾಕಿದ್ರೆ ಅದು 2.5 ಇಂಚು ಒತ್ಕೊಂಡು ನಿಲ್ಲತ್ತೆ, 200 ಪೌಂಡಿಂದು ಹಾಕಿದ್ರೆ 5 ಇಂಚು. ನಿಂತಾಗ ಎರಡೂ ಹೊರೋ ಭಾರ ಒಂದೇ. ಲಾಂಚಲ್ಲಿ ಸ್ಪ್ರಿಂಗ್ 2 ಇಂಚು ಬಿಚ್ಕೊಂಡಾಗ ನೋಡಿ ವ್ಯತ್ಯಾಸ, 400ರದ್ದು ಆಗ ಬರೀ 200 ಪೌಂಡ್ ತಳ್ತಿರತ್ತೆ, ಅದರ ಉಸಿರು ಮುಗೀತು, ಆದ್ರೆ 200ರದ್ದು ಇನ್ನೂ 600 ಪೌಂಡ್ ಹಾಕಿ ಮೂತೀನ ಮೇಲೆ ತಳ್ತಾನೇ ಇರತ್ತೆ. ಉದ್ದ ಇರೋ ಮೆತ್ತನೆ ಸ್ಪ್ರಿಂಗ್ ಬೇಕು ಅಂತ ಹೇಳೋದು ಇದಕ್ಕೇನೆ. ಹಳೇ ರೇಸರ್‌ಗಳು ವಿ8 ಇಂಜಿನ್ ಗಾಡಿಗೆ ಅದೇ ಮಾಡೆಲ್‌ನ ಆರು ಸಿಲಿಂಡರ್ ಗಾಡಿ ಸ್ಪ್ರಿಂಗ್ ಹುಡುಕಿ ಹಾಕ್ತಿದ್ದಿದ್ದೂ ಇದೇ ಲೆಕ್ಕದ ಮೇಲೆ.

ಮೂತಿ ಎತ್ತರ ಕಾಣತ್ತೆ ಅಂತ ಸ್ಪ್ರಿಂಗ್ ಕಟ್ ಮಾಡ್ಬೇಡಿ ದಯವಿಟ್ಟು. ಸುತ್ತು ಕಮ್ಮಿ ಆದಷ್ಟೂ ಸ್ಪ್ರಿಂಗ್ ಗಟ್ಟಿ ಆಗತ್ತೆ, 8 ಸುತ್ತಿಂದ ಒಂದು ತೆಗೆದ್ರೆ ಸುಮಾರು 14 ಪರ್ಸೆಂಟ್ ಬಿಗಿ ಏರತ್ತೆ, ಮೆತ್ತನೇದು ಅಂತ ತಂದಿದ್ದೇ ವ್ಯರ್ಥ. ಎತ್ತರ ಸರಿ ಮಾಡ್ಬೇಕಂದ್ರೆ ಕಾಯ್ಲೋವರ್ (ಶಾಕ್ ಸುತ್ತಲೇ ಸ್ಪ್ರಿಂಗ್ ಇರೋದು) ಹಾಕಿ, ಸ್ಪ್ರಿಂಗ್ ಕೂರೋ ಕಾಲರ್ ತಿರುಗಿಸಿ. ಹಾಗಂತ ಮೆತ್ತನೇದಕ್ಕೂ ಮಿತಿ ಇದೆ: 12 ಇಂಚಿನ 200ರ ಸ್ಪ್ರಿಂಗ್ ನಮ್ಮ ಲೆಕ್ಕದಲ್ಲಿ 7 ಇಂಚಿಗೆ ನಿಂತಿದೆ, ಅಲ್ಲಿಂದ ಶಾಕ್ ಪೂರ್ತಿ ಒಳಗೆ ಹೋಗೋಷ್ಟರಲ್ಲಿ ಸುತ್ತುಗಳು ಒಂದಕ್ಕೊಂದು ಅಂಟ್ಕೊಂಡ್ಬಿಟ್ರೆ ವೀಲಿ (ಮುಂದಿನ ಚಕ್ರ ನೆಲ ಬಿಟ್ಟು ಏಳೋದು) ಇಳಿಯೋವಾಗ ಪೂರ್ತಿ ಏಟು ಚಾಸಿಗೇ ಬೀಳತ್ತೆ. ಅದಕ್ಕೆ ಸ್ಪ್ರಿಂಗ್ ಪೂರ್ತಿ ಒತ್ತಿದಾಗ ಎಷ್ಟುದ್ದ ಇರತ್ತೆ ಅಂತ ತಯಾರಕರ ಪಟ್ಟೀಲಿ ನೋಡ್ಕೊಂಡೇ ತಗೊಳ್ಳಿ.

ಇನ್ನು ಶಾಕ್. ಹಿಂದೆಲ್ಲ 90/10 ಶಾಕ್ ಅಂದ್ರೆ ಡ್ರ್ಯಾಗಿಗೆ ಅದೇ ದೇವರು ಅನ್ನೋ ಹಾಗಿತ್ತು, ಅಂದ್ರೆ ಒಳಗೆ ಒತ್ತೋಕೆ 90 ಪಾಲು ಬಿಗಿ, ಹೊರಗೆ ಬಿಚ್ಚೋಕೆ 10 ಪಾಲು, ಹಾಗಾಗಿ ಮೂತಿ ಸರಕ್ಕಂತ ಏರಿ ನಿಧಾನಕ್ಕೆ ಇಳಿಯತ್ತೆ. ಪವರ್ ಕಮ್ಮಿ ಇರೋ ಗಾಡಿಗೆ, ಟ್ರ್ಯಾಕಲ್ಲಿ ಗ್ರಿಪ್ ಅಷ್ಟಕ್ಕಷ್ಟೇ ಇದ್ರೆ, ಇವತ್ತಿಗೂ ಪರವಾಗಿಲ್ಲ. ಪವರ್ ಏರಿದ ಹಾಗೆ ಇದು ಕೈ ಕೊಡತ್ತೆ. ಮೂತಿ ಮೇಲೆ ನುಗ್ಗೋವಾಗ ಹಿಂದಿನ ಟಯರ್‌ಗೆ ಹೆಚ್ಚುವರಿ ಒತ್ತು ಸಿಗತ್ತೆ ನಿಜ, ಆದ್ರೆ ತಡೆಯೋರಿಲ್ದೆ ಮೇಲೆ ಹೋಗಿ ಶಾಕ್ ತುದಿಗೆ ಬಡಿದಾಗ ಆ ಒತ್ತು ಒಂದೇ ಸಲಕ್ಕೆ ಬಿಟ್ಟೋಗತ್ತೆ, ಟಯರ್ ಹಗುರ ಆಗಿ ಸ್ಪಿನ್ ಆಗತ್ತೆ.

ಇದನ್ನ ನಾನು ಕಣ್ಣಾರೆ ಅನುಭವಿಸಿದೀನಿ. ರಿಬೌಂಡ್, ಅಂದ್ರೆ ಶಾಕ್ ಹೊರಗೆ ಬಿಚ್ಚೋವಾಗಿನ ಬಿಗಿ, ಪೂರ್ತಿ ಸಡಿಲ ಬಿಟ್ಟು ಲಾಂಚ್ ಮಾಡಿದಾಗ ಮೂತಿ ಎದ್ದಿದ್ದು ಎಷ್ಟು ಚೆನ್ನಾಗಿತ್ತಂದ್ರೆ ಹೊರಗೆ ನಿಂತೋರೆಲ್ಲ ಸೂಪರ್ ಅಂದ್ರು, ನನಗೆ ಮಾತ್ರ ಕಾಲಡಿ ಠಕ್ ಅಂತ ಒಂದು ಏಟು ಗೊತ್ತಾಯ್ತು, ಅದರ ಹಿಂದೆನೇ ಟಯರ್ ಬಿಡ್ತು. ಫೋನಲ್ಲಿ ತೆಗೆದ ಸ್ಲೋ ಮೋಷನ್ ವಿಡಿಯೋ ಫ್ರೇಮ್ ಫ್ರೇಮಾಗಿ ನೋಡಿದ್ರೆ ಫೆಂಡರ್ ನಿಂತ ಕ್ಷಣ, ಮುಂದಿನ ಚಕ್ರ ನೆಲ ಬಿಟ್ಟ ಕ್ಷಣ, ಹಿಂದಿನ ಟಯರ್ ಪಕ್ಕದ ಸುಕ್ಕು ಬಿಚ್ಕೊಂಡ ಕ್ಷಣ ಮೂರೂ ಒಂದೇ ಕಡೆ. ಶಾಕಿನ ನಾಬ್ ತಿರುಗಿಸಿ ರಿಬೌಂಡ್ ಬರೀ ನಾಲ್ಕು ಕ್ಲಿಕ್ ಬಿಗಿ ಮಾಡಿದ್ಮೇಲೆ ಮೂತಿ ಅಷ್ಟು ಎತ್ತರಕ್ಕೆ ಏಳಲಿಲ್ಲ, ನೋಡೋಕೆ ಸಪ್ಪೆ, ಆದ್ರೆ ಟಯರ್ ಹಿಡ್ಕೊಂಡು ಹೋಯ್ತು.

ಹಾಗಾಗಿ ದುಡ್ಡು ಹೊಂದಿಸೋಕೆ ಆದ್ರೆ ಡಬಲ್ ಅಡ್ಜಸ್ಟಬಲ್ ಶಾಕೇ ತಗೊಳ್ಳಿ, ರಿಬೌಂಡ್ ಬೇರೆ, ಕಂಪ್ರೆಷನ್ (ಒಳಗೆ ಒತ್ತೋವಾಗಿನ ಬಿಗಿ) ಬೇರೆ ತಿರುಗಿಸೋ ಥರದ್ದು. ಸಿಂಗಲ್ ಅಡ್ಜಸ್ಟಬಲ್ ತಗೊಳ್ಳೋ ಮುಂಚೆ ಆ ನಾಬ್ ಏನನ್ನ ಬದಲಾಯಿಸತ್ತೆ ಅಂತ ಕೇಳಿ, ಕೆಲವು ರಿಬೌಂಡ್ ಒಂದನ್ನೇ, ಕೆಲವು ಎರಡನ್ನೂ ಒಟ್ಟಿಗೆ ಬಿಗಿ ಮಾಡ್ತವೆ, ಎರಡನೇ ಥರದ್ದು ನಮಗೆ ಇಕ್ಕಟ್ಟು, ಯಾಕಂದ್ರೆ ಮೂತಿ ಏರೋದನ್ನ ತಡೆಯೋಕೆ ಹೋದ್ರೆ ಇಳಿಯೋದೂ ಗಟ್ಟಿ ಆಗತ್ತೆ. ಶಾಕಿನ ಉದ್ದ ಆರಿಸೋವಾಗ ಗಾಡಿ ನಿಂತಿರೋ ಎತ್ತರದಲ್ಲಿ ಶಾಕ್ ಮೇಲಿಂದ ಕೆಳಗಿನ ಬೋಲ್ಟ್‌ವರೆಗೆ ಎಷ್ಟಿದೆ ಅಳೆದು, ಅಲ್ಲಿಂದ ಬಿಚ್ಚೋಕೂ ಒತ್ತೋಕೂ ಎರಡೂ ಕಡೆ ಜಾಗ ಉಳಿಯೋ ಅಂಥದ್ದನ್ನ ನೋಡಿ. ಪವರ್ ಕಮ್ಮಿ ಇರೋ ಗಾಡಿಗೆ ಬಿಚ್ಚೋ ಜಾಗ ಜಾಸ್ತಿ ಬೇಕು. ಜೋರು ಗಾಡಿಗೆ ಕಮ್ಮಿ ಸಾಕು, ಬೇಕಿದ್ರೆ ಟ್ರಾವೆಲ್ ಲಿಮಿಟರ್ ಸ್ಟ್ರ್ಯಾಪ್ ಹಾಕಿ ಕಟ್ಟಿಹಾಕ್ತಾರೆ.

ಹೊಸ ಶಾಕ್ ಹಾಕೋ ಮುಂಚೆ ಇನ್ನೊಂದು ಕೆಲ್ಸ ಮಾಡ್ಲೇಬೇಕು. ಸ್ಪ್ರಿಂಗ್, ಶಾಕ್ ಎರಡೂ ಬಿಚ್ಚಿರೋವಾಗ ಆರ್ಮ್ ಮೇಲೆತ್ತಿ ಕೈ ಬಿಡಿ. ತನ್ನ ಭಾರಕ್ಕೆ ತಾನೇ ಸಲೀಸಾಗಿ ಕೆಳಗೆ ಬೀಳ್ಬೇಕು. ಎಲ್ಲಿ ಬಿಟ್ರೆ ಅಲ್ಲೇ ನಿಂತ್ಕೊಂಡ್ರೆ ಆರ್ಮ್ ತಿರುಗೋ ಕೀಲಿನ ಬುಷ್ ಹಿಡ್ಕೊಂಡಿದೆ, ಅಂಥ ಗಾಡಿಗೆ ಎಷ್ಟು ದುಬಾರಿ ಶಾಕ್ ಹಾಕಿದ್ರೂ ನೀವು ತಿರುಗಿಸೋ ಕ್ಲಿಕ್ಕಿಗೆ ಅರ್ಥ ಇಲ್ಲ. ರಬ್ಬರ್ ಬುಷ್ ಆದ್ರೆ ಬೋಲ್ಟ್ ಕೊನೇ ಟೈಟ್ ಮಾಡೋದು ಗಾಡಿ ಚಕ್ರದ ಮೇಲೆ ನಿಂತಾಗ, ಗಾಳೀಲಿ ನೇತಾಡೋವಾಗ ಅಲ್ಲ. ಹಾಗೇ ಚಕ್ರ ಪೂರ್ತಿ ಕೆಳಗೆ ಜೋತಾಗ ಬ್ರೇಕ್ ಹೋಸ್ ಎಳೀತಿದ್ಯಾ, ಟೋ (ಚಕ್ರದ ಮುಂದಿನ ಅಂಚು ಒಳಗೋ ಹೊರಗೋ ತಿರುಗಿರೋದು) ಎಷ್ಟು ಬದಲಾಗತ್ತೆ ಅಂತಾನೂ ನೋಡಿ, ಮೂತಿ ಎದ್ದಾಗ ಚಕ್ರ ಒಂದು ಕಡೆ ತಿರುಗೋ ಗಾಡಿ ನಿಜಕ್ಕೂ ಅಪಾಯ. ಸ್ಪ್ರಿಂಗ್ ಕಂಪ್ರೆಸರ್ ಇಲ್ದೆ ಸ್ಪ್ರಿಂಗ್ ಬಿಚ್ಚೋ ಸಾಹಸ ಮಾತ್ರ ಬೇಡ.

ಸೆಟ್ಟಿಂಗ್ ಮಧ್ಯದಿಂದ ಶುರು ಮಾಡಿ, ಎರಡೂ ಕಡೆ ಒಂದೇ ಲೆಕ್ಕ. ಫೆಂಡರ್ ಮೇಲೆ ಬಿಳಿ ಟೇಪ್ ಅಂಟಿಸಿ ಪಕ್ಕದಿಂದ ವಿಡಿಯೋ ತೆಗೀರಿ, ಶಾಕ್ ರಾಡಿಗೆ ಒಂದು ಜಿಪ್ ಟೈ ಕಟ್ಟಿ. ಜಿಪ್ ಟೈ ಎಷ್ಟು ಒತ್ತಿದೆ ಅನ್ನೋದನ್ನ ಮಾತ್ರ ಹೇಳತ್ತೆ, ಎಷ್ಟು ಬಿಚ್ಚಿದೆ ಅನ್ನೋಕೆ ಟೇಪು ವಿಡಿಯೋನೇ ಗತಿ. ಮೂತಿ ಏಳದೆ ಹೊರಟ ತಕ್ಷಣ ಟಯರ್ ಬಿಟ್ರೆ ರಿಬೌಂಡ್ ಎರಡು ಕ್ಲಿಕ್ ಸಡಿಲ ಮಾಡಿ. ಮೂತಿ ಎದ್ದು ತುದಿಗೆ ಬಡಿದ್ಮೇಲೆ ಬಿಟ್ರೆ, ಇಲ್ಲ ಚಕ್ರ ಬೇಡದಷ್ಟು ಎತ್ತರಕ್ಕೆ ಹಾರಿದ್ರೆ ಬಿಗಿ ಮಾಡಿ. ಕಂಪ್ರೆಷನ್ ಕತೆ ಶುರುವಾಗೋದು ಗೇರ್ ಬದಲಾದಾಗ, ಚಕ್ರ ವಾಪಸ್ ನೆಲಕ್ಕೆ ಬಂದಾಗ: ತೀರಾ ಸಡಿಲ ಇದ್ರೆ ಮೂತಿ ದಬಕ್ಕಂತ ಕುಸಿದು ಮತ್ತೆ ಏಳತ್ತೆ, ತೀರಾ ಬಿಗಿ ಇದ್ರೆ ಮುಂದಿನ ಟಯರೇ ಚೆಂಡಿನ ಥರ ಪುಟಿಯತ್ತೆ, ಎರಡ್ರಲ್ಲೂ ಹಿಂದಿನ ಟಯರ್ ಒಂದು ಕ್ಷಣ ಹಗುರ ಆಗತ್ತೆ.

ಒಂದು ಓಟಕ್ಕೆ ಒಂದೇ ಬದಲಾವಣೆ, ಟಯರ್ ಗಾಳಿ, ಲಾಂಚ್ ಆರ್‌ಪಿಎಂ ಎಲ್ಲಾ ಅದೇ ಇಟ್ಟು 60 ಅಡಿ ಟೈಮ್ (ಮೊದಲ 60 ಅಡಿ ದಾಟೋಕೆ ಹಿಡಿಯೋ ಸಮಯ) ಒಂದನ್ನೇ ನೋಡಿ, ಪೂರ್ತಿ 402 ಮೀಟರ್ ಟೈಮಲ್ಲಿ ಇಂಜಿನ್ನು, ಗಾಳಿ, ಗೇರು ಎಲ್ಲಾ ಬೆರೆತುಹೋಗಿರತ್ತೆ. ಕ್ಲಿಕ್ ಎಣಿಸೋದು ಯಾವಾಗ್ಲೂ ಪೂರ್ತಿ ಬಿಗಿಯಿಂದನೋ ಪೂರ್ತಿ ಸಡಿಲದಿಂದನೋ ಒಂದೇ ತುದಿಯಿಂದ ಇರ್ಲಿ, ಪುಸ್ತಕದಲ್ಲಿ ಬರೆದಿಡಿ.

ಮುಂದಿನ ಚಕ್ರಕ್ಕೆ ಪವರ್ ಹೋಗೋ ಗಾಡಿಯವರು ಇದೆಲ್ಲ ಓದಿ ಹಾಗೇ ಮಾಡೋಕೆ ಹೋಗ್ಬೇಡಿ, ನಿಮಗೆ ಮೂತಿ ಏಳೋದೇ ಶತ್ರು. ಮುಂದೆ ರಿಬೌಂಡ್ ಬಿಗಿ, ಹಿಂದೆ ಗಟ್ಟಿ ಸ್ಪ್ರಿಂಗ್, ಅಲ್ಲಿಂದ ಶುರು ಮಾಡಿ.